ಹನ್ನೆರಡನೇ ಸೂರ್ಯಕಾಂತಿ

ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಹಾಸನಕ್ಕೆ ಒಯ್ಯುತ್ತಿದ್ದ ಚಿತ್ರದ ಗಾಜು ಒಡೆಯಬಹುದಿತ್ತು. ಚನ್ನರಾಯಪಟ್ಟಣದಲ್ಲಿ ಬಸ್ ಬದಲಿಸುವಾಗ ನಾವಿಬ್ಬರೂ ಹತ್ತಿ, ಚಿತ್ರ ಮಾತ್ರ ಕೆಳಗೇ ಉಳಿಯಬಹುದಿತ್ತು. ಹಾಸನದ ಗ್ಯಾಲರಿಯವರು "ಇದೇನ್ರೀ, ಗೋಣಿಚೀಲ!" ಎಂದು ಬಾಗಿಲಲ್ಲೇ ಸಾಗಹಾಕಬಹುದಿತ್ತು. ನನ್ನ ಬಿ.ಪಿ. ಏರಬಹುದಿತ್ತು. (ಏರಿತ್ತು. ಅದು ಮಾಮೂಲು, ಬಿಡಿ.) ಎಲ್ಲಕ್ಕಿಂತ ಹೆಚ್ಚಾಗಿ, ಜೊತೆಗಿದ್ದ ನನ್ನ ಸೋದರಮಾವ ಬಾಯಿ ತೆರೆಯಬಹುದಿತ್ತು!

ಹೊಲದಲ್ಲಿರಲಿ, ಕ್ಯಾಲೆಂಡರಿನಲ್ಲಿರಲಿ, ಎಣ್ಣೆ ಡಬ್ಬದ ಮೇಲಿರಲಿ, ಭೂಮಿಯ ಮೇಲಿನ ಸೂರ್ಯಕಾಂತಿಗಳಿಗೆಲ್ಲ ತಾವೇ ಪೋಷಕರು ಅಂತ ಮಾವನ ನಂಬಿಕೆ. ನುಗ್ಗೇಹಳ್ಳಿ ಹತ್ತಿರ ಅವರ ಹೊಲ. ಬಲಿತ ಸೂರ್ಯಕಾಂತಿ ಮೂಡಲಿಗೇ ಮುಖ ಮಾಡಿ ನಿಲ್ಲುತ್ತದಂತೆ. ನಿಲ್ಲಲಿ, ಯಾರು ಬೇಡ ಅಂದರು? ಆದರೆ ಗೋಡೆ ಮೇಲಿನ ಚಿತ್ರದ ಹೂವೂ ಮೂಡಲಿಗೇ ನೋಡಬೇಕು ಅಂದರೆ?

ಒಮ್ಮೆ ಹಿರೀಸಾವೆಯ ಹೋಟೆಲೊಂದರಲ್ಲಿ, ಇಡ್ಲಿ ಬರುವಷ್ಟರಲ್ಲಿ ಮಾವ ಎದ್ದು ಗೋಡೆಯ ಸೂರ್ಯಕಾಂತಿ ಕ್ಯಾಲೆಂಡರ್ ತೆಗೆದು ಎದುರು ಗೋಡೆಗೆ ನೇತುಹಾಕಿಬಿಟ್ಟರು!

"ಸಾ, ಯಾಕ್ ಸಾ ಅದ್ನ ಮುಟ್ತೀರಾ?"

"ನಿನ್ ಊವು ಪಡುವ್ಲಿಗ್ ನೋಡ್ತಿದ್ವು ಕಣಯ್ಯ."

"ನೋಡ್ಕೊಳ್ಳಿ ಬುಡಿ ಸಾ. ನಮ್ ಗಲ್ಲಾಪೆಟ್ಟಿಗೆ ಇರಾದು ಆ ಕಡೆನೇ!"

ನಮ್ಮ ಮನೆಯ ಸೂರ್ಯಕಾಂತಿ ಚಿತ್ರವಂತೂ ಮಾವನ ಕೃಪೆಯಿಂದ, ಹೂವು ಮೂಡಲಿಗೆ ನೋಡಲೆಂದು, ಬಾಗಿಲ ಹಿಂದೆ ಸೇರಿದೆ. ಅದನ್ನು ನೋಡಬೇಕೆಂದಾಗ ನನ್ನಾಕೆ ಚಿಲಕ ಹಾಕಿಕೊಳ್ಳುತ್ತಾಳೆ.

ಇಂಥವರ ಮನೆಯಲ್ಲಿದ್ದುಕೊಂಡು ನಮ್ಮತ್ತೆ ಗೋಣಿತಟ್ಟಿನ ಮೇಲೆ ಉಲನ್ ದಾರದಲ್ಲಿ ಹನ್ನೆರಡು ಸೂರ್ಯಕಾಂತಿ ಹೊಲಿದು, ಗಾಜು ಹಾಕಿಸಿದ್ದರು. ಹನ್ನೊಂದು ಹೂವು ಎಡಕ್ಕೆ ನೋಡುತ್ತಿದ್ದವು. ಅದನ್ನು ತೂಗುಹಾಕಿದ್ದ ನಡುಮನೆಯ ದಕ್ಷಿಣದ ಗೋಡೆಯಲ್ಲಿ ಆ ಎಡ ಅಂದರೆ ಸರಿಯಾಗಿ ಮೂಡಲು. ಹನ್ನೆರಡನೆಯದು ಮಾತ್ರ ಬಲಕ್ಕೆ ತಿರುಗಿ ಪಡುವಲು ನೋಡುತ್ತಿತ್ತು.

"ಬಿಚ್ಚಾಕಮ್ಮಿ ಅದೊಂದ್ನ. ಬಂದೋರು ನಗ್ತಾರೆ," ಅಂತ ಮಾವ ಇಪ್ಪತ್ತು ವರ್ಷ ಗೊಣಗಿದರು.

"ಎಲ್ಲಾವೂ ನೀವೇಳ್ದ ಕಡೀಕೇ ನೋಡ್ಬೇಕಾ? ಒಂದಾರ ತನ್ನಿಷ್ಟಕ್ ನೋಡ್ಕೊಳ್ಳಿ," ಅಂತ ಅತ್ತೆ ಇಪ್ಪತ್ತು ವರ್ಷವೂ ಬಿಚ್ಚಲಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡರು. ಈ ವರ್ಷ ಹಾಸನದ ಪುಟ್ಟ ಗ್ಯಾಲರಿಯೊಂದು, ಜಿಲ್ಲೆಯ ಹೆಣ್ಣುಮಕ್ಕಳು ಮನೆಯಲ್ಲೇ ಮಾಡಿದ ಕಲೆಗೊಂದು ಕೋಣೆ ಮೀಸಲಿಡುತ್ತಿದೆ ಎಂದು ಗೊತ್ತಾದದ್ದೇ ತಡ, ಮಾವನ ಫೋನು. "ಲೇ ಅಳಿಯ, ನಿಮ್ಮತ್ತೇದು ಅಲ್ಲಿರ್ಬೇಕು ಕಣ್ಲಾ." ಆಮೇಲೆ ಸಣ್ಣ ದನಿಯಲ್ಲಿ, "ಆ ಒಂದ್ ಊವ ನೋಡಿ ಯಾರಾರ ನಕ್ಬುಟ್ರೆ?"

ಬಸ್ಸಿನಲ್ಲಿ ಪ್ರತಿ ಸ್ಟಾಪಿಗೂ ಅದೇ ಪ್ರಶ್ನೆ. ಜಗತ್ತಿನ ಚಿಂತೆಯೆಲ್ಲ ನನ್ನ ಗುತ್ತಿಗೆ ಅಂದುಕೊಂಡಿದ್ದೆ. ಅವತ್ತು ನನಗೂ ಒಬ್ಬ ಪಾಲುದಾರ ಸಿಕ್ಕಿದ!

ಗ್ಯಾಲರಿಯ ಬಾಗಿಲಲ್ಲೇ ವಿದೇಶಿ ಕಲಾವಿದನೊಬ್ಬನ ಹೂದಾನಿ ಸೂರ್ಯಕಾಂತಿಗಳ ದೊಡ್ಡ ಪ್ರತಿ. ಅಲ್ಲಿನ ಉಸ್ತುವಾರಿ ನೋಡಿಕೊಳ್ಳುವ ಹೆಣ್ಣುಮಗಳು ಪ್ರೀತಿಯಿಂದ ವಿವರಿಸಿದಳು: "ಸರ್, ಕಲೇಲಿ ಸೂರ್ಯಕಾಂತಿ ಅಂದ್ರೆ ನಿಷ್ಠೆ. ಸೂರ್ಯನ್ನ ಬಿಟ್ಟು ಬೇರೆ ಕಡೆ ನೋಡದೇ ಇರೋ ಪ್ರೀತಿ."

"ಅದ್ಸರಿ ಕಣವ್ವ. ಬೀಜ ಕಟ್ಟೋಕ್ ಮುಂಚೇನೇ ಕುಯ್ದು ನೀರಲ್ಲಿಟ್ಟವ್ನಲ್ಲ ಪುಣ್ಯಾತ್ಮ!"

ನಾನು ಕಣ್ಣು ಮುಚ್ಚಿದೆ. ಆಕೆ ನಕ್ಕಳು. ಗೋಣಿತಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನಗಲಿಲ್ಲ. "ಊಟ ಮಾಡ್ಕೊಂಡು ಬನ್ನಿ ಸರ್, ಅಷ್ಟರಲ್ಲಿ ಗೋಡೆಗೆ ಹಾಕಿರ್ತೀವಿ."

ಊಟ ಮುಗಿಸಿ ಬಂದು ನೋಡಿದರೆ, ಚಿತ್ರಕ್ಕೆ ಸಿಕ್ಕಿದ್ದು ಉತ್ತರದ ಗೋಡೆ! ಎಡ ಅಂದರೆ ಈಗ ಪಡುವಲು. ಹನ್ನೊಂದು ಹೂವೂ ಸಾಲಾಗಿ ತಪ್ಪು ದಿಕ್ಕಿಗೆ!

ಮಾವ ಕಿಟಕಿಯ ಬಿಸಿಲು ನೋಡಿದರು. ಗೋಡೆ ನೋಡಿದರು. ಮತ್ತೆ ಬಿಸಿಲು ನೋಡಿದರು. ನಾನು ಜಗಳಕ್ಕೆ ಮುಂಚೆಯೇ ಕ್ಷಮಾಪಣೆ ಕೇಳಿಬಿಡೋಣವೆಂದು ಆ ಹೆಣ್ಣುಮಗಳನ್ನು ಹುಡುಕುತ್ತಿದ್ದೆ.

"ಮಾವ, ಬೇರೆ ಗೋಡೆಗೆ ಹಾಕಿಸ್ತೀನಿ, ಸುಮ್ನಿರಿ."

"ಬ್ಯಾಡ ಕಣ್ಲಾ."

ಹೆಗಲ ಮೇಲಿನ ಟವಲ್ಲಿನಿಂದ ಗಾಜನ್ನು ಒರೆಸಿದರು, ಹನ್ನೆರಡನೇ ಹೂವಿನ ಮೇಲಷ್ಟೇ.

"ಇವತ್ತು ಇದೊಂದೇ ನೋಡ್ಲಾ ಮೂಡ್ಲಿಗ್ ನೋಡ್ತಿರಾದು. ಇಪ್ಪತ್ ವರ್ಸ ಬಿಚ್ಚು ಬಿಚ್ಚು ಅಂದ್ನಲ್ಲ ನಾನು..."

ಮುಂದಿನ ಮಾತು ಟವಲ್ಲಿನೊಳಗೆ ಹೋಯಿತು.

ಏನೆಲ್ಲ ಆಗಬಹುದಿತ್ತು! ಆಗಿದ್ದು ಇಷ್ಟೇ: ಚಿತ್ರವನ್ನು ತಪ್ಪು ಗೋಡೆಗೆ ಹಾಕಿದ್ದರು.