ಎದುರಿಗೆ ನಿಲ್ಲಲು ಒಬ್ಬರು ಬೇಕಂತೆ

ನನ್ನ ತಮ್ಮನಿಗೆ ತಲೆ ಸರಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ದುಬೈಯ ಹೋಟೆಲಿನ ಲಾಂಡ್ರಿಯಲ್ಲಿ ಮೂವತ್ತು ವರ್ಷ ಬೆಡ್‌ಶೀಟ್ ಇಸ್ತ್ರಿ ಮಾಡಿದವರು ಮದುವೆಯಾಗುತ್ತಾರೆ, ಮನೆ ಕಟ್ಟುತ್ತಾರೆ. ಇವನು ಚೀನಾದ ಕುಸ್ತಿ ಕಲಿತ! ಅದೂ ಎಂತಹ ಕುಸ್ತಿ? ಹೊಡೆಯಲಿಕ್ಕಿಲ್ಲ, ಬೀಳಿಸಲಿಕ್ಕಿಲ್ಲ. ನೀರೊಳಗೆ ನಡೆಯುವವರ ಹಾಗೆ ನಿಧಾನಕ್ಕೆ ಕೈ ಆಡಿಸುವುದು. ತಾಯ್ ಚಿ ಅಂತೆ.

ಅದೇ ಹೋಟೆಲಿನಲ್ಲಿ ನೂಡಲ್ಸ್ ಎಳೆಯುತ್ತಿದ್ದ ಚೀನಾದ ಮುದುಕ ಇವನ ಗುರು. ಗುರುವಿಗೆ ಹಿಂದಿ ಬಾರದು, ಇವನಿಗೆ ಚೀನೀ ಬಾರದು. ಅಷ್ಟು ವರ್ಷ ಜಗಳವಾಗದೆ ಉಳಿದದ್ದು ಅದಕ್ಕೇ ಇರಬೇಕು!

ಹೋದ ವರ್ಷ ವೀಸಾ ಮುಗಿದು ಮುದುಕ ಊರಿಗೆ ಹೋದ. ಇವನಿಗೆ ಪೇಚಾಟ ಶುರುವಾಯಿತು. ಆ ವಿದ್ಯೆಯಲ್ಲಿ ಅರ್ಧ ಭಾಗ ಇಬ್ಬರು ಮಾಡುವುದಂತೆ. ಎದುರುಬದುರು ನಿಂತು, ಕೈಗೆ ಕೈ ತಾಗಿಸಿ ತಳ್ಳುವುದು, ಸರಿಯುವುದು. ಎದುರಿಗೆ ಕೈ ಇಲ್ಲದಿದ್ದರೆ ಕಲಿತದ್ದೆಲ್ಲ ಮೈ ಬಿಟ್ಟು ಹೋಗುತ್ತದಂತೆ. ರೂಮಿನವರನ್ನು ಕೇಳಿದ, ನಕ್ಕರು. ನನ್ನ ಮಗನನ್ನು ಕೇಳಿದ. "ಮಾವ, ಮೀಟಿಂಗ್ ಉಂಟು." ಮೊಮ್ಮಗ ತಲೆ ಎತ್ತದೆ "ನೋ ಥ್ಯಾಂಕ್ಸ್" ಅಂದ. ಕಡೆಗೆ ಪಾರ್ಕಿನಲ್ಲಿ ಒಬ್ಬನೇ ಗಾಳಿಯನ್ನು ತಳ್ಳುತ್ತ ನಿಂತ. ಸೆಕ್ಯುರಿಟಿಯವ ಬಂದು ಕೇಳಿದನಂತೆ, "ಭಾಯ್, ಬಾಗಿಲು ಎಲ್ಲುಂಟು?"

ಮಂಗಳವಾರ ಅವನಿಗೆ ರಜೆ. ಇಲ್ಲೇ ದುಬೈಯ ಕರಾಮದಲ್ಲಿರುವ ನಮ್ಮ ಫ್ಲ್ಯಾಟಿಗೆ ಬರುತ್ತಾನೆ. ಆಗ ಮಗ, ಸೊಸೆ ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ. ಮನೆಯಲ್ಲಿ ನಾನು ಮತ್ತು ಏಸಿಯ ಸದ್ದು. ಚಪ್ಪಲಿ ಬಿಡುವ ಮೊದಲೇ, "ಅಕ್ಕ, ನಾಲಗೆ ತೋರಿಸು." ಚೀನಾದ ವೈದ್ಯವೂ ಉಂಟಲ್ಲ ಇವನ ಹತ್ತಿರ! ಆಮೇಲೆ ಮೂರು ಬೆರಳಿಟ್ಟು ನಾಡಿ ನೋಡುತ್ತಾನೆ.

"ನಿನ್ನ ಲಿವರಿನಲ್ಲಿ ಸಿಟ್ಟು ತುಂಬಿದೆ."

"ನೀನು ಬಂದದ್ದು ಅದಕ್ಕೂ ಗೊತ್ತಾಯಿತು ಮಾರಾಯ."

ಒಮ್ಮೆ ಬೆಲ್ ಆಯಿತು. ಬಾಗಿಲು ತೆರೆದವಳೇ ನಾಲಗೆ ಚಾಚಿದೆ. ನಿಂತಿದ್ದದ್ದು ನೀರಿನ ಕ್ಯಾನ್ ತಂದ ಪಠಾಣ! ಪಾಪ, ಕ್ಯಾನ್ ಅಲ್ಲೇ ಬಿಟ್ಟು ಮೆಟ್ಟಿಲು ಇಳಿದೇ ಹೋದ.

ಇನ್ನೊಮ್ಮೆ ತಮ್ಮ ನನ್ನ ಮೀನಿನ ಸಾರಿನ ಮಣ್ಣಿನ ಪಾತ್ರೆಯಲ್ಲಿ ಅದೆಂತದೋ ಬೇರು, ತೊಗಟೆ ಹಾಕಿ ಕುದಿಸಿದ. ಆ ನಾತಕ್ಕೆ, ಇಲಿ ಸತ್ತಿದೆ ಅಂತ ವಾಚ್‌ಮನ್ ಹುಡುಕಿಕೊಂಡು ಬಂದ. ಇವನು ಅವನಿಗೂ ಅರ್ಧ ಲೋಟ ಕುಡಿಸಿದ. ಅಲ್ಲಿಗೆ ವಾಚ್‌ಮನ್ ನಮ್ಮ ಮಹಡಿಗೆ ಬರುವುದು ಖಲಾಸ್!

ಮೊನ್ನೆ ಮಂಗಳವಾರ ಬಂದವನು ನಾಲಗೆ ನೋಡದೆ ಕಿಟಕಿಯ ಹತ್ತಿರ ಹೋಗಿ ನಿಂತ.

"ಎಂತ ಆಯಿತು?"

"ಗುರುವಿಗೆ ವಿಡಿಯೋ ಕಾಲ್ ಮಾಡಿದ್ದೆ ಅಕ್ಕ. ಅವರಿಗೆ ನನ್ನ ಗುರುತೇ ಸಿಗಲಿಲ್ಲ." ತನ್ನ ಅಂಗೈ ನೋಡಿಕೊಂಡು, "ನನಗೂ ಮರೆಯುತ್ತಾ ಉಂಟು. ಒಂದು ಐದು ನಿಮಿಷ ಎದುರಿಗೆ ನಿಲ್ಲುತ್ತೀಯಾ?"

ಗಂಟುನೋವಿನ ಮುದುಕಿಯನ್ನು ಕುಸ್ತಿಗೆ ಕರೆಯುವವನಿಗೆ ಎಂತ ಹೇಳುವುದು? ಬೈದೆ. ಬೈಯುತ್ತಲೇ ಸೋಫಾ ಸರಿಸಿದೆ. ನಿಂತೆ.

ಅವನು ತಳ್ಳಲೇ ಇಲ್ಲ. ಮುಂಗೈಗೆ ಮುಂಗೈ ತಾಗಿಸಿ, ನಾನು ಹೋದ ಕಡೆ ಬಂದ, ಬಂದ ಕಡೆ ಸರಿದ. ಇಸ್ತ್ರಿ ಹಿಡಿದು ಒರಟಾದ ಕೈ. ಈ ಮನೆಯಲ್ಲಿ ನನ್ನ ಕೈಗೆ ಲಂಚ್ ಬಾಕ್ಸ್ ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ, ಲಿಫ್ಟಿನ ಕಾರ್ಡ್ ಕೊಡುತ್ತಾರೆ. ಕೈ ಯಾರು ಕೊಟ್ಟಿದ್ದರು?

"ಐದು ನಿಮಿಷ ಆಯಿತು ಅಕ್ಕ," ಅಂದ.

"ನಿನ್ನ ವಾಚು ಸರಿ ಇಲ್ಲ," ಅಂದೆ.