ಡಿಶ್ಶಿನಲ್ಲಿ ಕಾಗೆಯ ಜಳಕ

ಕಾಗೆಗೆ ಊಟದ ಆಮಂತ್ರಣ ಕೊಡುವುದು ಹೇಗೆ ಎಂಬ ಚಿಂತೆಯಲ್ಲಿ ಹನಮೇಶ ಅರ್ಧ ಆಗಿದ್ದ.

ಮಾನಮಿ ಅಮಾಸೆಗೆ ತೀರಿಹೋದ ಅಪ್ಪನಿಗೆ ಎಡೆ ಇಡುವ ಸರದಿ ಈ ವರ್ಷ ಅವನದು. ಕಾಗೆ ಬಂದು ಎಡೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಹೋದ ವರ್ಷ ಅಣ್ಣ ಪಕ್ಕೀರಪ್ಪನ ಮನೆಯಲ್ಲಿ ಕಾಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹಿಟ್ನಾಳದ ಸೋದರತ್ತೆ ಕಸ್ತೂರೆಮ್ಮ ಹಸಿದ ಹೊಟ್ಟೆಯಲ್ಲೇ ಕಾನೂನು ಹೊರಡಿಸಿದ್ದಳು.

"ಇನ್ನ ಯಾರ ಮನ್ಯಾಗ ಕಾಗಿ ಮುಟ್ಟೂದಿಲ್ಲ, ಮುಂದಿನ ವರ್ಷಾನೂ ಅವರ ಮನ್ಯಾಗ ಎಡಿ ಇಡಬೇಕು!"

ಬಳಗವೆಂದರೆ ಒಂದು ಟೆಂಪೊ ತುಂಬಿ ಮಿಕ್ಕುವಷ್ಟು ಜನ. ಕುಷ್ಟಗಿಯ ಎರಡು ಕೋಣೆಯ ಮನೆಯಲ್ಲಿ ಅಷ್ಟು ಜನರನ್ನು ಒಂದು ಸಲ ಸುಧಾರಿಸಿದರೆ ಸಾಕಪ್ಪಾ ಎಂದು ಹನಮೇಶ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದ.

ಅವನ ಓಣಿಯಲ್ಲಿ ಕಾಗೆ ಅಪರೂಪ. ನೀರಿಟ್ಟರೆ ಬಂದೀತು ಎಂದು ಅಮಾಸೆಯ ಬೆಳಿಗ್ಗೆ ಮಾಳಿಗೆ ಮೇಲೆ ಕೆಟ್ಟು ಬಿದ್ದಿದ್ದ ಟಿ.ವಿ. ಡಿಶ್ ಇಳಿಸಿದ. ಹಿತ್ತಲಲ್ಲಿ ಬೋರಲು ಹಾಕಿದ ಕೊಡದ ಮೇಲೆ ಅದನ್ನು ಅಂಗಾತ ಕೂರಿಸಿ ನೀರು ಸುರಿದ. ತೂತುಗಳಿಂದ ನೀರೆಲ್ಲ ಅವನ ಹೊಸ ಧೋತರದ ಮೇಲೆ ಇಳಿಯಿತು.

ಗೋಡೆಯಾಚೆಯಿಂದ ನೆರೆಮನೆಯ ಹಜರತಬೀ ಇಣುಕಿದಳು. "ಯಾವ ಚಾನಲ್ ಹಿಡೀತೈತ್ರಿ ಇದು?"

"ಕಾಗಿ ಚಾನಲ್ಲವ್ವಾ," ಎಂದು ಹನಮೇಶ ಒಳಗೆ ಓಡಿ, ಹೆಂಡತಿ ರೇಣುಕಮ್ಮ ಹೋಳಿಗೆಗೆಂದು ನಾದಿಟ್ಟ ಕಣಕ ಕದ್ದು ತಂದು ತೂತಿಗೆ ಮೆತ್ತಿದ. ಬೆನ್ನು ತಿರುಗಿಸುವುದರೊಳಗೆ ಹಜರತಬೀಯ ಆಡು ಬಂದು ಕಣಕವನ್ನು ತಿಂದು ನೀರನ್ನೂ ಕುಡಿದು ಹೋಯಿತು.

ಆಡಿನ ಮರ್ಯಾದೆ ಉಳಿಸಲು ಹಜರತಬೀಯೇ ಮಗನ ಅಂಗಡಿಯಿಂದ ಪಂಚರ್ ಪಟ್ಟಿ ತಂದುಕೊಟ್ಟಳು. "ನಡುವ ಎರಡು ಕಲ್ಲ ಇಡ್ರಿ. ಕಾಗಿ ನಿಲ್ಲಾಕ ಜಾಗಾ ಬೇಕಲ್ರಿ?"

ಮಧ್ಯಾಹ್ನಕ್ಕೆ ಬಳಗವೆಲ್ಲ ಬಂದಿಳಿದು, ಹಿತ್ತಲಲ್ಲಿ ಎಡೆ ಬಡಿಸಿದ್ದಾಯಿತು. ಡಿಶ್ಶಿಗೆ ಗುಬ್ಬಿ ಬಂತು, ಬೆಳವ ಬಂತು, ಗೊರವಂಕಗಳ ಸಂಸಾರವೇ ಬಂತು. ಕಾಗೆ ಮಾತ್ರ ಇಲ್ಲ. ಹೋಳಿಗೆಯ ವಾಸನೆಗೆ ಬಳಗದ ಹೊಟ್ಟೆಗಳು ಗುಡುಗತೊಡಗಿದವು. ಕಸ್ತೂರೆಮ್ಮ ಸೆರಗಿನಿಂದ ಕಣ್ಣೊರೆಸಿದಳು.

"ನಮ್ಮಣ್ಣಗ ಸಿಟ್ಟ ಬಂದೈತಿ. ಏನ್ ಕಡಿಮಿ ಮಾಡೀಯೋ ಹನಮ್ಯಾ?"

"ಬೀಡಿ ಇಟ್ಟಿಲ್ಲ ಅವ," ಎಂದ ಪಕ್ಕೀರಪ್ಪ. ಹನಮೇಶ ಓಡಿ ಬೀಡಿ ತಂದಿಟ್ಟ.

"ಕಡ್ಡಿಪೆಟ್ಟಿಗಿ?" ಎಂದ ಪಕ್ಕೀರಪ್ಪ. ಮತ್ತೆ ಓಡಿದ. ಮರಳಿ ಬರುವಾಗ ಅವನ ಕಣ್ಣಲ್ಲೂ ನೀರಿತ್ತು. ಮುಂದಿನ ವರ್ಷದ ಟೆಂಪೊ ಆಗಲೇ ಬಾಗಿಲಿಗೆ ಬಂದು ನಿಂತಂತೆ ಅನಿಸುತ್ತಿತ್ತು.

ಆಗ ಬೇವಿನ ಮರದಿಂದ ಒಂದು ಕಾಗೆ ಇಳಿಯಿತು. ಕಾಗೆ ಎಡೆಯ ಕಡೆ ನೋಡದೆ ಸೀದಾ ಡಿಶ್ಶಿನ ಕಲ್ಲಿನ ಮೇಲೆ ನಿಂತು ಮುಳುಗಿತು, ಎದ್ದಿತು, ರೆಕ್ಕೆ ಬಡಿಯಿತು, ಕೊರಳು ತೊಳೆಯಿತು. ಆಮೇಲೆ ಸಾವಕಾಶ ಎಡೆಗೆ ಹಾರಿ, ಒಂದು ವಡೆ ಎತ್ತಿಕೊಂಡು ಹೋಯಿತು.

"ಮುಟ್ಟಿತೂ!" ಎಂದು ಬಳಗವೆಲ್ಲ ಕೂಗಿತು. ಹನಮೇಶನ ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದಂತಾಯಿತು. ಗೆದ್ದೆ, ಇನ್ನು ಸರದಿ ಅಣ್ಣನದು ಎಂದು ನಗುತ್ತ ತಾನೇ ಓಡಾಡಿ ಎಲ್ಲರಿಗೂ ಬಡಿಸಿದ.

ತುಪ್ಪದಲ್ಲಿ ಹೋಳಿಗೆ ಹಿಚುಕುತ್ತಿದ್ದ ಕಸ್ತೂರೆಮ್ಮ ಥಟ್ಟನೆ ಕೈ ನಿಲ್ಲಿಸಿದಳು.

"ನೋಡಿದ್ರಿಲ್ಲೋ? ನಮ್ಮಣ್ಣ ಜಳಕಾ ಮಾಡದ ಒಂದ್ ದಿನಾನೂ ಉಂಡಾವಲ್ಲ. ಹೋದ ವರ್ಷ ನೀರಿಲ್ಲದ್ದಕ್ಕ ತಡಾ ಮಾಡ್ಯಾನ. ಇಲ್ಲಿ ಬಂದು ಮನಸಾರೆ ಜಳಕಾ ಮಾಡಿ ಉಂಡು ಹೋಗ್ಯಾನ. ಇನ್ನ ಪ್ರತಿ ವರ್ಷ ಎಡಿ ಇದಽ ಮನ್ಯಾಗ!"

"ಅತ್ತೀ, ಅದು ಬರೀ ಡಿಶ್ಶು..." ಎಂದು ಹನಮೇಶ ತೊದಲಿದ.

"ನಮ್ಮಪ್ಪಗ ಬಚ್ಚಲಾ ಕಟ್ಟಿಸಿದಿ ತಮ್ಮಾ. ನಿನ್ನಂಥ ಮಗಾ ಸಿಗೂದು ಭಾಳ ಕಷ್ಟ," ಎಂದು ಪಕ್ಕೀರಪ್ಪ ತಮ್ಮನ ಬೆನ್ನು ತಟ್ಟಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡ.