ಹತ್ತಿಪಟ್ಟಿಯ ನಾಲ್ಕು ಮಗ್ಗುಲು

ಬರೆದಿಟ್ಟರೆ ಅರ್ಧ ಅಪಾಯ ಕಳೆದಂತೆ ಎಂದು ನಂಬಿಕೊಂಡವಳು ನಾನು. ಬಿಎಸ್ಸಿ ಓದಿದ್ದರ ಫಲವಿರಬೇಕು. ನಮ್ಮವರು ಮೂಗಿನೊಳಗಿನ ಸೊಟ್ಟ ಎಲುಬಿಗೆ ಆಪರೇಷನ್ ಮಾಡಿಸಿಕೊಂಡು ಐರೋಲಿಯ ಮನೆಗೆ ಹೊರಟಾಗ ಡಾಕ್ಟರು ಹೇಳಿದ್ದರು: ಮೂಗಿನ ಕೆಳಗಿನ ಹತ್ತಿಪಟ್ಟಿ ದಿನಕ್ಕೆ ನಾಲ್ಕಾರು ಸಲ ಬದಲಾಯಿಸುವಷ್ಟು ಒದ್ದೆಯಾಗುವುದು ಸಹಜ; ಮತ್ತೆ ಮತ್ತೆ ಕೆಂಪಗೆ ತೊಯ್ದರೆ, ಇಲ್ಲವೇ ರಕ್ತ ಗಂಟಲಿಗೆ ಇಳಿದರೆ, ಯೋಚಿಸುತ್ತ ಕೂರದೆ ಫೋನ್ ಮಾಡಿ. ನಾನು ಒಂದು ಪಟ್ಟಿಗೆ ಒಂದರಂತೆ ಕ್ಯಾಲೆಂಡರಿನಲ್ಲಿ ಗೀಟು ಹಾಕತೊಡಗಿದೆ.

ಇವರದು ತುರ್ಭೆಯಲ್ಲಿ ಸಣ್ಣ ಹೋಟೆಲು. ಕೈ ಒರೆಸುವ ಟಿಶ್ಯೂವನ್ನು ನಾಲ್ಕಾಗಿ ಹರಿದು ಗ್ಲಾಸಿನಲ್ಲಿ ಸಿಕ್ಕಿಸುವವರು ಇವರೇ. ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದೆ: "ನಿಮ್ಮಲ್ಲಿ ಗಿರಾಕಿಗಳು ಎಷ್ಟು ಬೆರಳು ಒರೆಸಿಕೊಳ್ಳಬಹುದು?" ಆ ತಮಾಷೆ ನನಗೆ ಸಕಾಲಕ್ಕೆ ನೆನಪಾಗಬೇಕಿತ್ತು.

ಮರುದಿನ ಮಧ್ಯಾಹ್ನ ಒಂದೂವರೆಗೆ ಎರಡೇ ಗೀಟು. "ಬಹಳ ಸುಧಾರಿಸಿದೆ" ಎಂದು ನಾನು ಘೋಷಿಸಿದೆ. ಇವರು ತಲೆ ಹಿಂದಕ್ಕೆ ಒರಗಿಸಿ ಕುರ್ಚಿಯಲ್ಲಿ ಶಾಂತವಾಗಿದ್ದರು. ಕನ್ನಡ ತಿಳಿದೂ ಹಿಂದಿಯಲ್ಲೇ ಉತ್ತರಿಸುವ ಮಗಳು ಕಾಲೇಜಿನಿಂದ ಬಂದವಳು ನಿಂತು ನೋಡಿದಳು.

"ಮಮ್ಮಿ, ಪಪ್ಪಾ ಕುಛ್ ಖಾ ರಹೇ ಹೈ ಕ್ಯಾ?"

"ಇಲ್ಲ, ಬೆಳಿಗ್ಗೆ ಗಂಜಿ ಕುಡಿದದ್ದೇ."

"ತೋ ಇತನಾ ನಿಗಲ್ ಕ್ಯಾ ರಹೇ ಹೈ?"

ಹೌದು, ಒಂದೇ ಸಮನೆ ನುಂಗುತ್ತಿದ್ದರು. ಬಾಯಿ ತೆರೆಸಿದರೆ ಗಂಟಲ ಹಿಂದೆ ಕೆಂಪು ಧಾರೆ. ಪಟ್ಟಿ ಬಿಚ್ಚಿದರೆ ನಾಲ್ಕು ಮಡಿಕೆ, ನಾಲ್ಕೂ ಕೆಂಪು. ಕನ್ನಡಿಯ ಮುಂದೆ ತಾವೇ ಒಂದೊಂದಾಗಿ ಮಗ್ಗುಲು ತಿರುಗಿಸಿ ಕಟ್ಟಿಕೊಂಡಿದ್ದರು. ನನ್ನ ಎರಡು ಗೀಟು ನಿಜದಲ್ಲಿ ಎಂಟು.

ನಾನು ಫೋನ್ ಎತ್ತಿದರೆ ಇವರು ಕೈ ಹಿಡಿದರು. "ಒಂದೂವರೆ ಗಂಟೆ ಮಾರಾಯ್ತಿ! ಊಟಕ್ಕೆ ಕೂತವರನ್ನು ಎಬ್ಬಿಸ್ತಾರಾ?"

ಡಾಕ್ಟರು ಊಟದಿಂದಲೇ ಎದ್ದಿರಬೇಕು. "ತಲೆ ಮುಂದಕ್ಕೆ ಬಗ್ಗಿಸಿ, ನುಂಗದೆ ಉಗುಳಲಿ, ಈಗಲೇ ಕರೆತನ್ನಿ" ಎಂದರು. ರಿಕ್ಷಾದಲ್ಲಿ ಬಗ್ಗಿ ಕೂತ ಇವರ ಮಡಿಲಲ್ಲಿ ನಮ್ಮ ಸಾಂಬಾರಿನ ಪಾತ್ರೆ. ಅದರೊಳಗೆ ನಾನು ಒಂದೇ ಸಲ ನೋಡಿದ್ದು.

ರಕ್ತ ನಿಲ್ಲಿಸಿದ ಮೇಲೆ ಡಾಕ್ಟರು, "ಇನ್ನೂ ಸ್ವಲ್ಪ ತಡ ಮಾಡಿದ್ದರೆ..." ಎಂದು ಅಲ್ಲಿಗೇ ಬಿಟ್ಟರು. ಆ ವಾಕ್ಯವನ್ನು ಪಾತ್ರೆ ತೊಳೆಯುವಾಗ ನಾನೇ ಮುಗಿಸುತ್ತಿರುತ್ತೇನೆ, ದಿನಕ್ಕೊಂದು ಬಗೆಯಲ್ಲಿ. ಇವರು ನೀರು ಕುಡಿದರೂ ಗಂಟಲನ್ನೇ ನೋಡುತ್ತೇನೆ. "ಎಂತ, ಈಗ ಗುಟುಕಿಗೂ ಗೀಟಾ?" ಎನ್ನುತ್ತಾರೆ.

ಅವರ ಜಿಪುಣತನವನ್ನು ಊರಿಗೆಲ್ಲ ಹೇಳಿ ನಗಿಸಿದ್ದೂ ಆಯಿತು. ಅಂದು ನಾನು ಅಳುವುದನ್ನು ಕಂಡು ನರ್ಸ್ ಒಂದು ಟಿಶ್ಯೂ ಕೊಟ್ಟಿದ್ದಳು. ಮೊನ್ನೆ ನನ್ನ ಪರ್ಸ್ ತೆರೆದರೆ, ಅದರ ಅರ್ಧ ಇನ್ನೂ ಹಾಗೇ ಇದೆ. ಹರಿದು, ಮಡಚಿ, ಜೋಪಾನವಾಗಿ.